ಕಾಂಗೋ ಯುದ್ಧದ ಸುದ್ದಿಯನ್ನು ಓದುವುದು ಹೇಗೆ?

ಪೂರ್ವ ಕಾಂಗೋ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಹೆಚ್ಚೆಂದರೆ ಗೇಣುದ್ದ ಸುದ್ದಿ. ಸೇನೆಗೂ ಬಂಡುಕೋರರಿಗೂ ಕಾಳಗ, ಇಷ್ಟು ಜನ ಸಾವು, ಇಷ್ಟು ಸಾವಿರ ಜನ ಊರು ಬಿಟ್ಟರು. ಅಷ್ಟೇ. ನಾನೂ ಅದನ್ನು ಓದಿ ಸೀದಾ ಕ್ರೀಡಾ ಪುಟಕ್ಕೆ ಹೋಗುತ್ತಿದ್ದೆ. 2022ರ ಜುಲೈನಲ್ಲಿ ಅಲ್ಲಿನ ಬುಟೆಂಬೋ ಎಂಬ ಊರಲ್ಲಿ ಜನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೆಲೆಗೆ ನುಗ್ಗಿದರು, ಆ ಗಲಾಟೆಯಲ್ಲಿ ಆ ಪಡೆಯಲ್ಲಿದ್ದ ನಮ್ಮ ಬಿಎಸ್‌ಎಫ್‌ನ ಇಬ್ಬರು ಸತ್ತರು. ಆಗ ಮಾತ್ರ ನಿಂತು ಯೋಚಿಸಿದೆ. ಕಾಪಾಡಲು ಹೋದವರ ಮೇಲೆ ಜನಕ್ಕೆ ಇಷ್ಟು ಸಿಟ್ಟು ಯಾಕೆ?

ಎರಡು ದಿನ ಓದಿದೆ, ತಲೆ ಗಿರ್ರೆಂದಿತು. ನಾನು ಮನಸ್ಸಿನಲ್ಲಿ ಎರಡು ಡಬ್ಬಿ ಇಟ್ಟುಕೊಂಡಿದ್ದೆ, ಒಂದರ ಮೇಲೆ 'ಸೇನೆ', ಇನ್ನೊಂದರ ಮೇಲೆ 'ಬಂಡುಕೋರರು'. ಆದರೆ ಓದುತ್ತಾ ಹೋದಂತೆ ಅದೇ ಹೆಸರು, ಅದೇ ಮನುಷ್ಯ ಒಮ್ಮೆ ಈ ಡಬ್ಬಿಯಲ್ಲಿ, ಮೂರು ವರ್ಷ ಬಿಟ್ಟರೆ ಆ ಡಬ್ಬಿಯಲ್ಲಿ ಸಿಗುತ್ತಿದ್ದ. ಆಮೇಲೆ ಓದುವ ರೀತಿಯನ್ನೇ ಬದಲಿಸಿಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತಜ್ಞನೇನಲ್ಲ, ಆದರೆ ಈಗ ಸುದ್ದಿ ಓದಿದರೆ ಅರ್ಥವಾಗುತ್ತದೆ.

ಮೊದಲು ನಕಾಶೆ ತೆಗೆಯಿರಿ

ಫೋನಿನಲ್ಲೇ ಸಾಕು. ರಾಜಧಾನಿ ಕಿನ್ಶಾಸಾ ಎಲ್ಲಿದೆ ನೋಡಿ, ದೇಶದ ಪಶ್ಚಿಮದ ತುದಿಯಲ್ಲಿ. ಈಗ ಗೋಮಾ ಹುಡುಕಿ, ಪೂರ್ವದ ತುದಿಯಲ್ಲಿ. ನಡುವೆ 1,500 ಕಿ.ಮೀ.ಗೂ ಜಾಸ್ತಿ ದೂರ, ಪೂರ್ತಿ ಕಾಡು ಮತ್ತು ನದಿ. ಸರಾಗವಾಗಿ ಹೋಗಿಬರುವಂಥ ರಸ್ತೆ ಇಲ್ಲ, ವಿಮಾನವೇ ಗತಿ. ಗೋಮಾದಿಂದ ರುವಾಂಡಾದ ರಾಜಧಾನಿ ಕಿಗಾಲಿಗಾದರೆ ಕಾರಿನಲ್ಲಿ ಮೂರ್ನಾಲ್ಕು ಗಂಟೆ. ಗೋಮಾದ ಬೀದಿ ಮುಗಿಯುವ ಕಡೆಯೇ ರುವಾಂಡಾದ ಊರು ಶುರುವಾಗುತ್ತದೆ. ಹಾಗೆಯೇ ಕಿವು ಸರೋವರದ ದಕ್ಷಿಣದ ತುದಿಯಲ್ಲಿ ಬುಕಾವು, ಅದರ ಎದುರಿಗೂ ರುವಾಂಡಾ. ಬುನಗಾನಾ ಉಗಾಂಡಾ ಗಡಿಗೆ ಅಂಟಿಕೊಂಡಿದೆ. ಉವಿರಾ ಬುರುಂಡಿ ಗಡಿಯಲ್ಲಿದೆ.

ಈ ನಾಲ್ಕು ಊರು ನೆನಪಿಟ್ಟುಕೊಳ್ಳಿ. ಸುದ್ದಿಯಲ್ಲಿ ಯಾವ ಊರಿನ ಹೆಸರು ಬಂತು ಅಂತ ನೋಡಿದರೆ ಯಾವ ಪಕ್ಕದ ದೇಶಕ್ಕೆ ಬಿಸಿ ತಟ್ಟಿದೆ ಅಂತ ಅರ್ಧ ಗೊತ್ತಾಗುತ್ತದೆ.

1994ರಿಂದ ಶುರು ಮಾಡಿ, ಅದಕ್ಕಿಂತ ಹಿಂದೆ ಹೋಗಲೇಬೇಕು ಅಂತಿಲ್ಲ

ಇತಿಹಾಸ ಅಂದರೆ ಬೆಲ್ಜಿಯಂ ರಾಜನ ಕಾಲದಿಂದ ಶುರು ಮಾಡುವವರಿದ್ದಾರೆ. ಅದೂ ಮುಖ್ಯವೇ, ಆದರೆ ಇವತ್ತಿನ ಸುದ್ದಿಗೆ 1994 ಸಾಕು. ಆ ವರ್ಷ ರುವಾಂಡಾದಲ್ಲಿ ಹುಟು ಪಂಗಡದ ಉಗ್ರರು ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿ ಪಂಗಡದವರು. ಅವರ ವಿರುದ್ಧ ಹೋರಾಡುತ್ತಿದ್ದ ಪಾಲ್ ಕಗಾಮೆಯ (ಈಗ ರುವಾಂಡಾದ ಅಧ್ಯಕ್ಷ) ಪಡೆ ಗೆದ್ದಾಗ, ಕೊಂದವರೂ ಏನೂ ಮಾಡದ ಸಾಮಾನ್ಯ ಜನರೂ ಒಟ್ಟೊಟ್ಟಿಗೇ ಗಡಿ ದಾಟಿ ಗೋಮಾ, ಬುಕಾವು ಕಡೆಗೆ ಬಂದರು. 10 ಲಕ್ಷಕ್ಕೂ ಹೆಚ್ಚು ಜನ. ರುವಾಂಡಾದ ಸೋತ ಸೇನೆ ಬಂದೂಕು ಸಮೇತ ನಿರಾಶ್ರಿತರ ಶಿಬಿರದಲ್ಲಿ ಕೂತಿತು, ಅಲ್ಲಿಂದಲೇ ವಾಪಸ್ ರುವಾಂಡಾ ಮೇಲೆ ದಾಳಿ ಮಾಡುತ್ತಿತ್ತು.

ಆ ಸೋತ ಸೇನೆ ಮತ್ತು ಅದರ ಜೊತೆಗಾರರಿಂದ ಬೆಳೆದು, 2000ದಲ್ಲಿ ಎಫ್‌ಡಿಎಲ್‌ಆರ್ ಅಂತ ಹೆಸರಿಟ್ಟುಕೊಂಡ ಗುಂಪು ಇವತ್ತಿಗೂ ಅಲ್ಲಿದೆ. ರುವಾಂಡಾದ ಪ್ರತಿ ಹೇಳಿಕೆಯಲ್ಲಿ ಈ ಹೆಸರು ಇದ್ದೇ ಇರುತ್ತದೆ.

1996ರಲ್ಲಿ ರುವಾಂಡಾ ಮತ್ತು ಉಗಾಂಡಾ ಸೇರಿ ಲೊರಾಂ ಕಬಿಲಾ ಎಂಬ ಕಾಂಗೋದ ಹಳೆಯ ಬಂಡಾಯಗಾರನನ್ನು ಮುಂದಿಟ್ಟುಕೊಂಡು ಕಾಂಗೋದೊಳಗೆ ನುಗ್ಗಿದವು. 1997ರ ಮೇ ಹೊತ್ತಿಗೆ ಕಾಂಗೋವನ್ನು 32 ವರ್ಷ ಆಳಿದ್ದ ಮೊಬುಟು ಓಡಿಹೋದ, ಕಬಿಲಾ ಅಧ್ಯಕ್ಷನಾದ. ಈಗ ಸ್ವಲ್ಪ ತಡೆದು ಓದಿ: ಹೊಸ ಕಾಂಗೋ ಸೇನೆಯ ಮುಖ್ಯಸ್ಥನ ಕುರ್ಚಿಯಲ್ಲಿ ಕೂತವನು ಜೇಮ್ಸ್ ಕಬರೇಬೆ, ರುವಾಂಡಾದ ಸೇನಾಧಿಕಾರಿ. ಒಂದು ದೇಶದ ಸೇನೆಯನ್ನು ಪಕ್ಕದ ದೇಶದ ಅಧಿಕಾರಿ ನಡೆಸುತ್ತಿದ್ದ! 1998ರ ಜುಲೈನಲ್ಲಿ ಕಬಿಲಾ, ವಿದೇಶಿ ಸೈನಿಕರೆಲ್ಲ ಮನೆಗೆ ಹೊರಡಿ ಅಂದ. ಆಗಸ್ಟ್ 2ಕ್ಕೆ ಎರಡನೇ ಯುದ್ಧ ಶುರು. ಕಬರೇಬೆ ವಿಮಾನದಲ್ಲಿ ಸೈನಿಕರನ್ನು ತುಂಬಿಕೊಂಡು ಇಡೀ ದೇಶ ದಾಟಿ ಪಶ್ಚಿಮದ ಕಿಟೋನಾ ನೆಲೆಯಲ್ಲಿ ಇಳಿದ, ನಿನ್ನೆಯವರೆಗೆ ತಾನೇ ಕಾಯುತ್ತಿದ್ದ ರಾಜಧಾನಿಯನ್ನು ಹಿಡಿಯಲು. ಅಂಗೋಲಾ, ಜಿಂಬಾಬ್ವೆ ಬಂದು ಕಬಿಲಾನನ್ನು ಉಳಿಸಿದವು.

ಅದೇ ಕಬರೇಬೆ ಮುಂದೆ ರುವಾಂಡಾದ ಸೇನಾ ಮುಖ್ಯಸ್ಥನಾದ, ರಕ್ಷಣಾ ಸಚಿವನಾದ. 2025ರ ಫೆಬ್ರುವರಿಯಲ್ಲಿ ಅಮೆರಿಕ ನಿರ್ಬಂಧ ಹಾಕಿದ್ದೂ ಅವನ ಮೇಲೆಯೇ. ಹೆಸರುಗಳನ್ನು ಬರೆದಿಟ್ಟುಕೊಳ್ಳಿ ಅನ್ನುವುದು ಇದಕ್ಕೇ. ಇಲ್ಲಿ ಹೆಸರುಗಳು ಹೋಗುವುದಿಲ್ಲ, ತಿರುಗಿ ಬರುತ್ತವೆ.

'ಇವನು ಮೊದಲು ಎಲ್ಲಿದ್ದ?' ಅಂತ ಕೇಳಿ

ನನ್ನ ಪ್ರಕಾರ ಬೇರೇನು ಬಿಟ್ಟರೂ ಈ ಪ್ರಶ್ನೆಯನ್ನು ಬಿಡಬಾರದು. ಸುದ್ದಿಯಲ್ಲಿ ಒಬ್ಬ ಕಮಾಂಡರ್ ಹೆಸರು ಬಂತಾ? ಅವನ ಹಿಂದಿನ 20 ವರ್ಷ ಹುಡುಕಿ.

ಬಾಸ್ಕೋ ಎನ್ಟಗಾಂಡಾನನ್ನೇ ತಗೊಳ್ಳಿ. 1990ರ ದಶಕದಲ್ಲಿ ಕಗಾಮೆಯ ಪಡೆಯಲ್ಲಿ ಹೋರಾಡಿದ. ಆಮೇಲೆ ಕಾಂಗೋದ ಇಟುರಿಯಲ್ಲಿ ಒಂದು ಮಿಲಿಷಿಯಾದ (ಸೇನೆಯಲ್ಲದ ಬಂದೂಕು ಪಡೆಯ) ದೊಡ್ಡ ತಲೆ. ಆಮೇಲೆ ಲೊರಾಂ ಎನ್ಕುಂಡಾನ ಸಿಎನ್‌ಡಿಪಿ ಎಂಬ ಬಂಡಾಯ ಗುಂಪಿನಲ್ಲಿ. 2009ರಲ್ಲಿ ಕಾಂಗೋ ಸೇನೆಯಲ್ಲಿ ಜನರಲ್. ಅಷ್ಟು ಹೊತ್ತಿಗಾಗಲೇ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟ್ ಅವನ ಮೇಲಿತ್ತು, ಆದರೂ ಗೋಮಾದಲ್ಲಿ ಆರಾಮಾಗಿ ಓಡಾಡಿಕೊಂಡಿದ್ದ. 2012ರಲ್ಲಿ ಮತ್ತೆ ಬಂಡಾಯ. 2013ರ ಮಾರ್ಚ್‌ನಲ್ಲಿ ಕಿಗಾಲಿಯ ಅಮೆರಿಕ ರಾಯಭಾರ ಕಚೇರಿಗೆ ತಾನೇ ನಡೆದುಕೊಂಡು ಹೋಗಿ ಶರಣಾದ. 2019ರಲ್ಲಿ 30 ವರ್ಷ ಜೈಲು ಶಿಕ್ಷೆ. ಈ ಮನುಷ್ಯನನ್ನು ಯಾವ ಡಬ್ಬಿಗೆ ಹಾಕುತ್ತೀರಿ?

ಹೀಗೆ ಯಾಕಾಯಿತು ಅಂದರೆ, 2003ರಲ್ಲಿ ದೊಡ್ಡ ಯುದ್ಧ ನಿಂತಾಗ ಎಲ್ಲ ಬಣಗಳ ಹೋರಾಟಗಾರರನ್ನೂ ಒಂದೇ ಸೇನೆಗೆ ಸೇರಿಸುವುದು ಅಂತ ಒಪ್ಪಂದವಾಯಿತು. ಅದೇ ಇವತ್ತಿನ ಕಾಂಗೋ ಸೇನೆ, ಸುದ್ದಿಯಲ್ಲಿ ಎಫ್‌ಎಆರ್‌ಡಿಸಿ ಅಂತ ಬರುತ್ತದೆ. ಯೋಚನೆ ಚೆನ್ನಾಗಿಯೇ ಇತ್ತು: ಹಳೆಯ ಗುಂಪುಗಳನ್ನು ಒಡೆದು, ಹುಳಿಯನ್ನ ಕಲಸಿದ ಹಾಗೆ ಎಲ್ಲರನ್ನೂ ಕಲಸಿ, ಸ್ವಲ್ಪ ದಿನ ತರಬೇತಿ ಕೊಟ್ಟು, ತಮ್ಮ ಊರಿನಿಂದ ದೂರದ ಪ್ರಾಂತ್ಯಕ್ಕೆ ಕಳಿಸುವುದು. ಎನ್ಕುಂಡಾನ ಜನ ಒಪ್ಪಲಿಲ್ಲ. ಅವರನ್ನು ಸಮಾಧಾನ ಮಾಡಲು 2007ರಲ್ಲಿ ಇನ್ನೊಂದು ದಾರಿ ಹಿಡಿದರು, ಸೇನೆಯ ಜೊತೆ ಬೆರೆಸುವುದು, ಆದರೆ ಅವರ ನೆಲೆಯಾದ ಕಿವು ಪ್ರಾಂತ್ಯ (ಗೋಮಾ, ಬುಕಾವು ಇರುವ ಕಡೆ) ಬಿಟ್ಟು ಕದಲಿಸುವುದಿಲ್ಲ. ಫಲ ಏನಾಯಿತು? ಸರ್ಕಾರದ ಸಮವಸ್ತ್ರ ಹಾಕಿಕೊಂಡು ತಮ್ಮ ನಾಯಕನ ಮಾತನ್ನೇ ಕೇಳುವ ತುಕಡಿಗಳು ತಯಾರಾದವು. ಆ ಅವಧಿಯಲ್ಲಿ ಬಂಡುಕೋರರ ಹಿಡಿತ ಕುಗ್ಗಲಿಲ್ಲ, ಹಿಗ್ಗಿತು.

2009ರ ಮಾರ್ಚ್ 23ರಂದು ಮತ್ತೊಂದು ಒಪ್ಪಂದ. ಸಿಎನ್‌ಡಿಪಿ ಸೇನೆಯೊಳಗೆ ಬಂತು, ತನ್ನದೇ ಆಜ್ಞೆಯ ಸರಪಳಿಯನ್ನೂ ಗಣಿಗಳ ಮೇಲಿನ ಹಿಡಿತವನ್ನೂ ಉಳಿಸಿಕೊಂಡೇ ಬಂತು. 2012ರಲ್ಲಿ ಸರ್ಕಾರ ಇವರನ್ನು ಕಿವು ಪ್ರಾಂತ್ಯದಿಂದ ಆಚೆ ಹಾಕಲು ನೋಡಿತು, ಎನ್ಟಗಾಂಡಾನ ಬಂಧನದ ಮಾತೂ ಎದ್ದಿತು. ಇವರು ದಂಗೆ ಎದ್ದರು. ತಮ್ಮ ಗುಂಪಿಗೆ ಇಟ್ಟ ಹೆಸರು ಎಂ23, ಅಂದರೆ ಆ ಮಾರ್ಚ್ 23. ಹೆಸರಿನಲ್ಲೇ ದೂರು ಇದೆ ನೋಡಿ: ನೀವು ಕೊಟ್ಟ ಮಾತು ನಡೆಸಲಿಲ್ಲ ಅಂತ. ಅವತ್ತಿನ ಸೇನಾ ಮುಖಂಡ ಸುಲ್ತಾನಿ ಮಕೇಂಗಾ, ಸೇನೆಯಲ್ಲಿ ಕರ್ನಲ್ ಆಗಿದ್ದವನು. ಇವತ್ತಿನ ಮುಖಂಡನೂ ಅವನೇ.

ಇನ್ನೊಂದು ಕಡೆಯಿಂದ ನೋಡಿ. ಬಂಡಾಯ ಎದ್ದವನಿಗೆ ಒಪ್ಪಂದದಲ್ಲಿ ಜನರಲ್ ಪಟ್ಟ, ನಿಯತ್ತಾಗಿ ಸೇನೆಯಲ್ಲೇ ಇದ್ದವನಿಗೆ ತಿಂಗಳಿಗೆ ಸರಿಯಾಗಿ ಸಂಬಳವೂ ಇಲ್ಲ. ಇದನ್ನು ನೋಡುತ್ತಾ ಕೂತ ಬೇರೆ ಗುಂಪುಗಳು ಏನು ಕಲಿತಿರಬಹುದು ಅಂತ ಊಹಿಸಿ. ಕಾಂಗೋದಲ್ಲಿ ಗುಂಪುಗಳು ನೂರರ ಲೆಕ್ಕದಲ್ಲಿ ಯಾಕಿವೆ ಅನ್ನುವುದಕ್ಕೆ ಉತ್ತರ ಬಹುಪಾಲು ಇಲ್ಲೇ ಇದೆ.

ಸೇನೆಯ ಪಕ್ಕದಲ್ಲಿ ನಿಂತವರು ಯಾರು ಅಂತ ನೋಡಿ

2013ರ ನವೆಂಬರ್‌ನಲ್ಲಿ ಸೋತು ಚದುರಿದ ಎಂ23 2021ರ ಕೊನೆಯಲ್ಲಿ ಮತ್ತೆ ಎದ್ದಿತು. 2022ರ ಜೂನ್‌ನಲ್ಲಿ ಬುನಗಾನಾ ಹಿಡಿಯಿತು. ಸೇನೆ ಹಿಮ್ಮೆಟ್ಟುತ್ತಲೇ ಇತ್ತು. ಆಗ ಸೇನೆಯ ಅಧಿಕಾರಿಗಳು ಸ್ಥಳೀಯ ಗುಂಪುಗಳ ಜೊತೆ ಕೈಜೋಡಿಸಿದರು. 2022ರ ಮೇನಲ್ಲಿ ಪಿಂಗಾ ಎಂಬಲ್ಲಿ ಹಲವು ಗುಂಪುಗಳು ಸೇರಿ, ನಮ್ಮ ನಮ್ಮಲ್ಲಿ ಜಗಳ ಬೇಡ, ಎಂ23 ವಿರುದ್ಧ ಒಂದಾಗೋಣ ಅಂದುಕೊಂಡವು. ಸೇನೆಯ ಹಿರಿಯರೂ ಅಲ್ಲಿದ್ದರು ಅಂತ ವಿಶ್ವಸಂಸ್ಥೆಯ ತಜ್ಞರ ತಂಡ ಬರೆದಿದೆ. ಈ ಗುಂಪುಗಳಿಗೆ ಒಟ್ಟಾಗಿ ಬಂದ ಹೆಸರು ವಜಲೆಂಡೋ, ಸ್ವಾಹಿಲಿಯಲ್ಲಿ ದೇಶಭಕ್ತರು ಅಂತ. 2023ರಲ್ಲಿ ಕಾನೂನು ಮಾಡಿ ಇಂಥವರನ್ನು ಮೀಸಲು ಪಡೆಯಾಗಿ ಸೇರಿಸಿಕೊಳ್ಳಲು ಬಾಗಿಲನ್ನೂ ತೆರೆದರು.

ಹೆಸರು ಚೆನ್ನಾಗಿದೆ ಅಂತ ಮೋಸಹೋಗಬೇಡಿ. ಗಿಡೋನ್ ಶಿಮಿರೇ ಅಂತ ಒಬ್ಬ ಮಿಲಿಷಿಯಾ ಮುಖಂಡ ಇದ್ದಾನೆ. ವಿಶ್ವಸಂಸ್ಥೆ 2018ರಲ್ಲಿ ಇವನ ಮೇಲೆ ನಿರ್ಬಂಧ ಹಾಕಿತು, 2019ರಲ್ಲಿ ಕಾಂಗೋ ಸೇನೆಯ ಅಭಿಯೋಜಕರೇ ಬಂಧನದ ವಾರಂಟ್ ಹೊರಡಿಸಿದರು. ಎಂ23 ಎದ್ದ ಮೇಲೆ ಇವನು ದೇಶಭಕ್ತ! ವಾರಂಟ್ ಯಾವ ಮೂಲೆ ಸೇರಿತೋ.

ಎಫ್‌ಡಿಎಲ್‌ಆರ್ ವಿಷಯ ಇದಕ್ಕಿಂತ ಸೂಕ್ಷ್ಮ. ಕಾಂಗೋ ಸರ್ಕಾರ ಅಧಿಕೃತವಾಗಿ ಅದು ಶತ್ರು ಎನ್ನುತ್ತದೆ. ಆದರೆ ಮುಂಚೂಣಿಯಲ್ಲಿ ಇಬ್ಬರೂ ಜೊತೆಗೆ ಹೋರಾಡಿದ್ದನ್ನು ವಿಶ್ವಸಂಸ್ಥೆಯ ತಂಡ ಮತ್ತೆ ಮತ್ತೆ ದಾಖಲಿಸಿದೆ. 2023ರ ನವೆಂಬರ್‌ನಲ್ಲಿ ಸೇನೆಯೇ ತನ್ನ ಸೈನಿಕರಿಗೆ, ಎಫ್‌ಡಿಎಲ್‌ಆರ್ ಜೊತೆ ಯಾವ ಸಂಪರ್ಕವೂ ಬೇಡ, ಇಟ್ಟುಕೊಂಡರೆ ಬಂಧಿಸುತ್ತೇವೆ ಅಂತ ಆದೇಶ ಕೊಟ್ಟಿತು. ಇಲ್ಲದ ಸಂಪರ್ಕಕ್ಕೆ ಯಾರಾದರೂ ನಿಷೇಧ ಹೇರುತ್ತಾರಾ? ಇಂಥ ಆದೇಶಗಳನ್ನು ಹೀಗೆ ತಿರುಗಿಸಿ ಓದುವುದನ್ನು ರೂಢಿ ಮಾಡಿಕೊಳ್ಳಿ.

ಒಂದು ಸೇನೆ ಯಾಕೆ ಮಿಲಿಷಿಯಾಗಳ ಸಹವಾಸ ಮಾಡುತ್ತದೆ ಅಂದರೆ ಕಾರಣ ಸರಳ. ಅವರಿಗೆ ಗುಡ್ಡ ಗೊತ್ತು, ಭಾಷೆ ಗೊತ್ತು, ಖರ್ಚು ಕಮ್ಮಿ, ತಪ್ಪು ನಡೆದರೆ 'ಅದು ನಾವಲ್ಲ' ಅನ್ನಬಹುದು. ಬೆಲೆ ತೆರುವವರು ಹಳ್ಳಿಯವರು, ಒಂದೇ ರಸ್ತೆಯಲ್ಲಿ ಮೂರು ಕಡೆ ಹಗ್ಗ ಕಟ್ಟಿ ಮೂವರು ದುಡ್ಡು ಕೇಳುತ್ತಾರೆ.

ಪಕ್ಕದ ಮನೆಯವರ ಲೆಕ್ಕ

ರುವಾಂಡಾದ್ದು ಎಲ್ಲರಿಗಿಂತ ದೊಡ್ಡ ಪಾತ್ರ. 2024ರ ಜುಲೈನಲ್ಲಿ ಹೊರಬಂದ ವಿಶ್ವಸಂಸ್ಥೆಯ ತಜ್ಞರ ವರದಿ 3,000ದಿಂದ 4,000 ರುವಾಂಡಾ ಸೈನಿಕರು ಕಾಂಗೋದೊಳಗೆ ಇದ್ದಾರೆ ಅಂದಿತು. ರುವಾಂಡಾ ಎಂ23ಗೆ ಬೆಂಬಲವಿಲ್ಲ ಎನ್ನುತ್ತಾ ಬಂದಿದೆ, ತನ್ನದು 'ರಕ್ಷಣಾತ್ಮಕ ಕ್ರಮ' ಎನ್ನುತ್ತದೆ. ಈ ಪದ ಕಂಡಾಗ ಕೆಳಗೆ ಗೆರೆ ಎಳೆಯಿರಿ. ಇದ್ದೇವೆ ಅಂತಲೂ ಹೇಳದೆ, ಇಲ್ಲ ಅಂತಲೂ ಹೇಳದೆ ದಾಟಿಕೊಳ್ಳುವ ಪದ ಅದು.

ಉಗಾಂಡಾ ಇನ್ನೂ ಮಜಾ. 2021ರ ನವೆಂಬರ್‌ನಿಂದ ಅದರ ಸೈನಿಕರು ಕಾಂಗೋ ಸೇನೆಯ ಜೊತೆ ಸೇರಿ ಎಡಿಎಫ್ ಎಂಬ, ಉಗಾಂಡಾದಲ್ಲೇ ಹುಟ್ಟಿ ಐಸಿಸ್ ಜೊತೆ ಸೇರಿಕೊಂಡ ಗುಂಪಿನ ವಿರುದ್ಧ ಹೋರಾಡುತ್ತಿದ್ದಾರೆ. ಅದೇ ಹೊತ್ತಿಗೆ ಎಂ23ಗೂ ಅಲ್ಲಿಂದ ನೆರವು ಸಿಕ್ಕಿದೆ ಅಂತ ತಜ್ಞರ ವರದಿ ಹೇಳುತ್ತದೆ, ಉಗಾಂಡಾ ಇಲ್ಲ ಎನ್ನುತ್ತದೆ. ಹಾಗಾಗಿ 'ಉಗಾಂಡಾ ಕಾಂಗೋದ ಮಿತ್ರನಾ ಶತ್ರುವಾ' ಅನ್ನುವುದು ತಪ್ಪು ಪ್ರಶ್ನೆ. ಯಾವ ಜಿಲ್ಲೆಯಲ್ಲಿ ಅಂತ ಕೇಳಬೇಕು. ಹಳೆಯ ಬಾಕಿಯೂ ಇದೆ: ಹಿಂದಿನ ಯುದ್ಧದಲ್ಲಿ ಮಾಡಿದ ಹಾನಿಗೆ 32.5 ಕೋಟಿ ಡಾಲರ್ ಕೊಡು ಅಂತ 2022ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಉಗಾಂಡಾಕ್ಕೆ ಹೇಳಿದೆ.

ಬುರುಂಡಿ ಕಾಂಗೋ ಸರ್ಕಾರದ ಪರ, ಅದರ ಸೈನಿಕರು ಒಳಗಿದ್ದಾರೆ. ರುವಾಂಡಾ ಜೊತೆ ಅದಕ್ಕೆ ಮಾತುಕತೆ ಕೆಟ್ಟು 2024ರ ಜನವರಿಯಲ್ಲಿ ಗಡಿ ಮುಚ್ಚಿತು.

ದುಡ್ಡು ಎಲ್ಲಿಂದ ಅಂತ ಮರೀಬೇಡಿ, ಆದರೆ ಅದೊಂದನ್ನೇ ಹಿಡಿಯಬೇಡಿ

'ಎಲ್ಲ ಮೊಬೈಲ್ ಫೋನಿಗಾಗಿ ನಡೆಯುತ್ತಿರುವ ಯುದ್ಧ' ಅಂತ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ಪೂರ್ತಿ ಸುಳ್ಳಲ್ಲ. ಪೂರ್ವ ಕಾಂಗೋದ ರುಬಾಯಾ ಗಣಿಯ ಕೋಲ್ಟನ್ ಅದಿರಿನಿಂದ ಫೋನಿನ ಬಿಡಿಭಾಗಗಳಿಗೆ ಬೇಕಾದ ಟ್ಯಾಂಟಲಮ್ ಎಂಬ ಲೋಹ ತೆಗೆಯುತ್ತಾರೆ, ಜಗತ್ತಿಗೆ ಬೇಕಾದುದರಲ್ಲಿ ಶೇ 15ರಷ್ಟು ಇಲ್ಲಿಂದಲೇ ಅನ್ನುವ ಅಂದಾಜಿದೆ. 2024ರ ಏಪ್ರಿಲ್ ಕೊನೆಗೆ ಎಂ23 ಅದನ್ನು ಹಿಡಿಯಿತು, ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಸುಂಕ ಎತ್ತುತ್ತಿದೆ ಅಂತ ವಿಶ್ವಸಂಸ್ಥೆಯ ತಜ್ಞರು ಲೆಕ್ಕ ಹಾಕಿದರು. ಆದರೆ ಅದಕ್ಕೂ ಮುಂಚೆ ಆ ಗಣಿ ಸರ್ಕಾರದ ಪರವಾದ ಒಂದು ಮಿಲಿಷಿಯಾದ ಕೈಯಲ್ಲಿತ್ತು. ಕೈ ಬದಲಾಯಿತು, ವಸೂಲಿ ನಿಲ್ಲಲಿಲ್ಲ.

ಗಣಿಯೇ ಇಲ್ಲದ ಕಡೆಯೂ ಕಾಳಗ ನಡೆಯುತ್ತದೆ. ಅಲ್ಲಿ ಜಗಳ ಜಮೀನಿಗೆ, ಯಾರು ಈ ನೆಲದವರು ಅನ್ನುವುದಕ್ಕೆ. ಕಾಂಗೋದಲ್ಲಿ ತಲೆಮಾರುಗಳಿಂದ ಇರುವ, ರುವಾಂಡಾದ ಭಾಷೆಯಾಡುವ ಜನ ಇದ್ದಾರೆ. 1981ರ ಕಾನೂನು ಅವರಲ್ಲಿ ಬಹಳಷ್ಟು ಮಂದಿಯ ಪೌರತ್ವವನ್ನೇ ಅಲುಗಾಡಿಸಿತು. ಟುಟ್ಸಿ ಅಂದರೆ ಎಂ23, ಎಂ23 ಅಂದರೆ ರುವಾಂಡಾ ಅಂತ ಸಮೀಕರಣ ಮಾಡುವ ಪೋಸ್ಟುಗಳನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಅಲ್ಲಿ ಆ ಮಾತಿನಿಂದಲೇ ಜನ ಸಾಯುತ್ತಾರೆ. ಬೆಂಗಳೂರಿನಲ್ಲಿ ಓದುತ್ತಿರುವ ಕಾಂಗೋ ಹುಡುಗರು ಸಿಕ್ಕರೂ ಮೊದಲ ಭೇಟಿಯಲ್ಲೇ 'ನೀನು ಯಾವ ಪಂಗಡ' ಅಂತ ಕೇಳಬೇಡಿ, ನಮ್ಮಲ್ಲಿ ಜಾತಿ ಕೇಳಿದ ಹಾಗೇ ಇರುತ್ತದೆ.

ಈಗ ಒಂದು ಸುದ್ದಿ ಬಿಡಿಸೋಣ

'2025ರ ಜನವರಿ 27: ಗೋಮಾ ಎಂ23 ಬಂಡುಕೋರರ ವಶಕ್ಕೆ.' ಸುಮ್ನೆ ಓದಿದರೆ ಬಂಡುಕೋರರು ಗೆದ್ದರು, ಸೇನೆ ಸೋತಿತು. ಈಗ ಸೋತ ಕಡೆ ಯಾರ್ಯಾರಿದ್ದರು ಪಟ್ಟಿ ಮಾಡಿ. ಕಾಂಗೋ ಸೇನೆ, ವಜಲೆಂಡೋ, ಎಫ್‌ಡಿಎಲ್‌ಆರ್‌ನವರು, ಬುರುಂಡಿ ಸೈನಿಕರು, ದಕ್ಷಿಣ ಆಫ್ರಿಕಾ, ಮಲಾವಿ ಮತ್ತು ತಾಂಜಾನಿಯಾದ ಪಡೆ, ಜೊತೆಗೆ ಸಂಬಳಕ್ಕೆ ಬಂದ ರೊಮೇನಿಯಾದ ಬಾಡಿಗೆ ಸೈನಿಕರು. ಆ ಬಾಡಿಗೆಯವರು 300ರ ಹತ್ತಿರ ಮಂದಿ ವಿಶ್ವಸಂಸ್ಥೆಯ ನೆಲೆಗೆ ಹೊಕ್ಕು ಶರಣಾಗಿ, ಕೊನೆಗೆ ಊರಿಗೆ ಹೋಗಿದ್ದು ರುವಾಂಡಾ ದಾಟಿಕೊಂಡು! ಇಷ್ಟು ಜನರಿಗೆ ಒಬ್ಬ ಸೇನಾಪತಿ ಇರಲಿಲ್ಲ, ಒಂದು ಭಾಷೆ ಇರಲಿಲ್ಲ, ಒಂದು ಸಂಬಳವೂ ಇರಲಿಲ್ಲ. ಉತ್ತರ ಕಿವುವಿನ ಸೇನಾ ಗವರ್ನರ್ ಕೆಲವೇ ದಿನ ಮುಂಚೆ ಮುಂಚೂಣಿಯಲ್ಲಿ ಸತ್ತಿದ್ದ. ಎದುರಿಗೆ ಶಿಸ್ತಿನ ಗುಂಪು, ಅದರ ಹಿಂದೆ ಶಿಸ್ತಿನ ಸೇನೆ. ಯಾಕೆ ಸೋತರು ಅನ್ನುವುದಕ್ಕೆ ಬೇರೆ ವಿಶ್ಲೇಷಣೆ ಬೇಕಾ?

ಬುಟೆಂಬೋದ ಸಿಟ್ಟೂ ನನಗೆ ಹೀಗೇ ಬಿಡಿಸಿಕೊಂಡಿತು. ವಿಶ್ವಸಂಸ್ಥೆಯ ಪಡೆ ಅಲ್ಲಿರುವುದು ಕಾಂಗೋ ಸರ್ಕಾರದ ಜೊತೆಗೆ. 2009ರಲ್ಲಿ ಸೇನೆಯ ದೊಡ್ಡ ಕಾರ್ಯಾಚರಣೆಗೆ ಅದು ಬೆಂಬಲ ಕೊಟ್ಟಾಗ ಆ ಸೇನೆಯಲ್ಲಿ ಎನ್ಟಗಾಂಡಾ ಇದ್ದ. ಹಳ್ಳಿಯವರು ನೋಡಿದ್ದು ಇಷ್ಟು: ಸೇನೆ ಬರುತ್ತದೆ, ಮಿಲಿಷಿಯಾ ಬರುತ್ತದೆ, ವಿಶ್ವಸಂಸ್ಥೆಯ ಬಿಳಿ ಬಣ್ಣದ ವಾಹನಗಳು ಬರುತ್ತವೆ, ಮನೆ ಮಾತ್ರ ಸುಡುತ್ತಲೇ ಇದೆ. ನಮ್ಮ ಆ ಇಬ್ಬರು ಯೋಧರು ಈ ಯಾವ ಲೆಕ್ಕದಲ್ಲೂ ಇರಲಿಲ್ಲ, ಸಿಟ್ಟು ಬಂದು ತಟ್ಟಿದ್ದು ಅವರಿಗೆ.

ಹೇಳಿಕೆಗಳ ವಿಷಯದಲ್ಲಿ ನಾನು ಪಾಲಿಸುವುದು ಒಂದೇ ನಿಯಮ. ಕಿನ್ಶಾಸಾ ಎಫ್‌ಡಿಎಲ್‌ಆರ್ ಬಗ್ಗೆ ಏನು ಹೇಳಿತು, ಕಿಗಾಲಿ ಎಂ23 ಬಗ್ಗೆ ಏನು ಹೇಳಿತು ಅನ್ನುವುದಕ್ಕೆ ಬೆಲೆ ಕಮ್ಮಿ ಕೊಡುತ್ತೇನೆ. ಇಬ್ಬರೂ ಇನ್ನೊಬ್ಬರ ಮಿಲಿಷಿಯಾ ಬಗ್ಗೆ ಬಹುತೇಕ ನಿಜವನ್ನೇ ಹೇಳುತ್ತಾರೆ, ತಮ್ಮದರ ಬಗ್ಗೆ ಹೇಳುವುದಿಲ್ಲ. ಹಾಗಾಗಿ ವಿಶ್ವಸಂಸ್ಥೆಯ ತಜ್ಞರ ತಂಡದ ವರದಿಗಳಿಗಾಗಿ ಕಾಯಿರಿ. ಅವು ತಡವಾಗಿ ಬರುತ್ತವೆ, ಓದಲು ಬೋರು, ಆದರೆ ಎರಡೂ ಕಡೆಗೂ ಬೈಯುತ್ತವೆ.

ಕೊನೆಗೆ ನಿಮಗೊಂದು ಸುದ್ದಿ ಬಿಡುತ್ತೇನೆ, ನೀವೇ ಬಿಡಿಸಿ. 2025ರ ಡಿಸೆಂಬರ್ 4ರಂದು ವಾಷಿಂಗ್ಟನ್‌ನಲ್ಲಿ ಕಾಂಗೋ ಅಧ್ಯಕ್ಷ ಷಿಸೆಕೆಡಿ ಮತ್ತು ರುವಾಂಡಾ ಅಧ್ಯಕ್ಷ ಕಗಾಮೆ ಇಬ್ಬರೂ ಒಪ್ಪಂದಕ್ಕೆ ಸಹಿ ಹಾಕಿದರು. ಅದಾಗಿ ವಾರ ಕಳೆಯುವುದರೊಳಗೆ ಎಂ23 ಉವಿರಾಕ್ಕೆ ನುಗ್ಗಿತು. ಸಹಿ ಹಾಕಿದವರು ಯಾರು, ನುಗ್ಗಿದವರು ಯಾರು ನೋಡಿ. ಆಮೇಲೆ ನಕಾಶೆಯಲ್ಲಿ ಉವಿರಾದ ಪಕ್ಕ ಬೆರಳಿಡಿ: ಬುರುಂಡಿಯ ದೊಡ್ಡ ನಗರ ಬುಜುಂಬುರಾ, 30 ಕಿ.ಮೀ. ಕೂಡ ಇಲ್ಲ.